ಮೂವತ್ತನಾಲ್ಕನೆಯ ಹೆಸರು

ಕಾರ್ಪೊರಲ್ ಮಿಲ್ಟನ್ ಡ್ರಾಬೆಕ್ ಮೋಸಗಾರನೇನೂ ಅಲ್ಲ. ಅವನಿಗೆ ಹಸಿವು ಸ್ವಲ್ಪ ಜಾಸ್ತಿ, ಮತ್ತು ಟೈಪ್‌ರೈಟರ್ ಕೈಗೆಟುಕುವಷ್ಟು ಹತ್ತಿರ. ಇವೆರಡೂ ಒಂದೇ ಮೇಜಿನಲ್ಲಿ ಕೂಡಿದ್ದೇ ಎಲ್ಲ ಅನಾಹುತಕ್ಕೂ ಕಾರಣವಾಯಿತು.

ನೆಬ್ರಾಸ್ಕಾದ ಬಯಲಿನಲ್ಲಿದ್ದ ಬ್ರಾಂಡಲ್ ಫೀಲ್ಡ್ ಎಂಬ ವಿಮಾನ ತರಬೇತಿ ನೆಲೆಯಲ್ಲಿ ಆ ವರ್ಷ ಎರಡು ಪಂಕ್ತಿಯ ಊಟ ನಡೆಯುತ್ತಿತ್ತು. ಯುದ್ಧಕ್ಕೆ ಇಳಿದು ಎರಡು ವರ್ಷವಾಗುತ್ತ ಬಂದಿತ್ತು, ಮಾಂಸಕ್ಕೆ ರೇಷನ್. ಸಾಮಾನ್ಯ ಸೈನಿಕರಿಗೆ ಸುಟ್ಟ ಬ್ರೆಡ್ಡಿನ ಮೇಲೆ ಬಿಳಿಯ ಗೊಜ್ಜೊಂದನ್ನು ಸುರಿದು ಕೊಡುತ್ತಿದ್ದರು. ಅದರೊಳಗೆ ಮಾಂಸದ ಚೂರಿದೆ ಎಂದು ಅಡುಗೆಯವರು ಹೇಳುತ್ತಿದ್ದರು, ನಂಬುವುದು ಬಿಡುವುದು ಉಣ್ಣುವವರ ಇಷ್ಟ. ನೆಲೆಯ ಫುಟ್‌ಬಾಲ್ ತಂಡಕ್ಕೆ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಅಮೆರಿಕದ ಫುಟ್‌ಬಾಲಿನ ತಂಡಕ್ಕೆ, ಮಾತ್ರ ಬೇರೆ ಮೇಜು. ಅಲ್ಲಿ ತಟ್ಟೆಯ ಅಂಚು ದಾಟುವಷ್ಟು ದೊಡ್ಡ ಹುರಿದ ಮಾಂಸದ ತುಂಡು, ಬೆಣ್ಣೆ, ಹಾಲು, ತಲೆಗೆರಡು ಮೊಟ್ಟೆ. ನೆಲೆಯ ಮುಖ್ಯಸ್ಥರಾದ ಕರ್ನಲ್ ಪೆಟಿಂಗಿಲ್‌ರಿಗೆ ಜರ್ಮನಿಯನ್ನು ಸೋಲಿಸುವುದು ಎಷ್ಟು ಮುಖ್ಯವೋ ಪಕ್ಕದ ರಾಜ್ಯದ ನೌಕಾ ನೆಲೆಯ ತಂಡವನ್ನು ಸೋಲಿಸುವುದೂ ಅಷ್ಟೇ ಮುಖ್ಯವಾಗಿತ್ತು. ಜರ್ಮನಿಯ ಭಾರ ಹೊರಲು ಬೇರೆ ಜನರೂ ಇದ್ದರು, ನೌಕಾ ನೆಲೆಯ ಭಾರ ಅವರೊಬ್ಬರ ಮೇಲೆಯೇ ಇತ್ತು.

ಆ ಮೇಜಿಗೆ ಯಾರು ಯಾರು ಕೂರಬೇಕೆಂಬ ಪಟ್ಟಿಯನ್ನು ಪ್ರತಿ ಸೋಮವಾರ ಟೈಪ್ ಮಾಡುತ್ತಿದ್ದವನು ಡ್ರಾಬೆಕ್. ಅವನದು ದಪ್ಪ ಗಾಜಿನ ಕನ್ನಡಕ. ಕಣ್ಣು ತೀರಾ ಮಂದ, ಕಚೇರಿ ಕೆಲಸಕ್ಕೆ ಮಾತ್ರ ಯೋಗ್ಯ ಎಂದು ಡಾಕ್ಟರು ಕಾರ್ಡಿನಲ್ಲಿ ಬರೆದದ್ದರಿಂದ ಸಿಬ್ಬಂದಿ ಕಚೇರಿಯಲ್ಲಿ ಕೂತಿದ್ದ. ಸೆಪ್ಟೆಂಬರಿನ ಒಂದು ಸೋಮವಾರ, ಮಧ್ಯಾಹ್ನದ ಬಿಳಿಯ ಗೊಜ್ಜು ಇನ್ನೂ ಗಂಟಲಲ್ಲೇ ನಿಂತಿರುವಾಗ, ಮೂವತ್ತಮೂರು ಹೆಸರು ಟೈಪ್ ಮಾಡಿ ಮುಗಿಸಿದವನಿಗೆ ಕಾಗದದ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗ ಕಂಡಿತು. ‘೩೪. ಡ್ರಾಬೆಕ್, ಎಂ.’ ಬೆರಳು ತಾನಾಗಿಯೇ ಹೊಡೆಯಿತು ಎಂದು ಆಮೇಲೆ ತನಗೆ ತಾನೇ ಹೇಳಿಕೊಂಡ. ಕರ್ನಲ್ ಓದದೆ ಸಹಿ ಹಾಕಿದರು. ಅವರು ಎಲ್ಲವನ್ನೂ ಓದದೆಯೇ ಸಹಿ ಹಾಕುತ್ತಿದ್ದರು, ನೆಲೆ ಸಲೀಸಾಗಿ ನಡೆಯುತ್ತಿದ್ದುದೇ ಅದರಿಂದ.

ಹತ್ತು ವಾರ ಅವನು ಆ ದೈತ್ಯರ ನಡುವೆ ಕೂತು ಗಡದ್ದಾಗಿ ಉಂಡ. ಇವನು ಚೆಂಡು ಒದೆಯುವ ವಿಶೇಷ ಆಟಗಾರನಿರಬೇಕು ಎಂದು ಅಡುಗೆಯವರು ತಿಳಿದರು. ಕೋಚ್ ಕಳಿಸಿದ ಗುಮಾಸ್ತ ಎಂದು ಆಟಗಾರರು ತಿಳಿದರು. ಕೋಚ್ ಆ ಮೇಜಿಗೆ ಬರುತ್ತಿರಲಿಲ್ಲ, ಅಧಿಕಾರಿಗಳ ಊಟದ ಮನೆ ಬೇರೆ ಇತ್ತು. ದಿನಕ್ಕೆರಡು ಮೊಟ್ಟೆ ತಿಂದರೂ ಡ್ರಾಬೆಕ್‌ನ ತೋಳು ತೊಡೆ ಇದ್ದಂತೆಯೇ ಇದ್ದವು. ತಿಂದದ್ದೆಲ್ಲ ಹೊಟ್ಟೆಯ ಹತ್ತಿರವೇ ವಾಸ ಮಾಡಿತು.

ಇತ್ತ ತಂಡ ವಾರವಾರವೂ ಕರಗುತ್ತಿತ್ತು. ಶನಿವಾರ ಆಡಿ ಗೆದ್ದವನು ಮಂಗಳವಾರ ಹಡಗು ಹತ್ತಿರುತ್ತಿದ್ದ. ಹೋದವರ ಹೆಸರನ್ನು ಡ್ರಾಬೆಕ್ ಪ್ರತಿ ಸೋಮವಾರ ತೆಗೆಯುತ್ತ ಬಂದ. ತನ್ನ ಹೆಸರನ್ನು ತೆಗೆಯುವ ಯೋಚನೆ ಎರಡು ಸಲ ಬಂದಿತ್ತು, ಎರಡು ಸಲವೂ ಊಟದ ನಂತರ. ನವೆಂಬರಿನ ಕೊನೆಯ ಶನಿವಾರದ ಹೊತ್ತಿಗೆ ಪಟ್ಟಿಯಲ್ಲಿ ಇಪ್ಪತ್ತು ಹೆಸರು ಉಳಿದಿದ್ದವು, ಅವನದೂ ಸೇರಿ. ಆದರೂ ತಂಡ ಏಳಕ್ಕೆ ಏಳೂ ಪಂದ್ಯ ಗೆದ್ದಿತ್ತು. ಅಂದು ನೌಕಾ ನೆಲೆಯವರೊಡನೆ ಕಡೆಯ ಪಂದ್ಯ.

ಅಂದು ಡ್ರಾಬೆಕ್‌ಗೆ ಬೇಕಾಗಿದ್ದುದು ಪಂದ್ಯವಲ್ಲ, ಹತ್ತು ದಿನದ ರಜೆ. ಅವನ ಹೆಂಡತಿ ಲೋರ್ನಾ ನೂರಿಪ್ಪತ್ತು ಮೈಲಿ ದೂರದ ಲಾರ್ಕಿನ್ ಎಂಬ ಊರಿನಲ್ಲಿದ್ದಳು. ಮಗಳು ಹುಟ್ಟಿ ನಾಲ್ಕು ತಿಂಗಳಾಗಿತ್ತು. ಭಾನುವಾರದ ಬಿಡುವಿನಲ್ಲಿ ಐವತ್ತು ಮೈಲಿ ದಾಟಬಾರದೆಂಬ ನಿಯಮವಿದ್ದುದರಿಂದ ಅಪ್ಪ ಮಗಳ ಮುಖವನ್ನೇ ನೋಡಿರಲಿಲ್ಲ. ಒಂದು ಫೋಟೋ ಬಂದಿತ್ತು, ಅದರಲ್ಲಿ ಮಗು ಅಲ್ಲಾಡಿಬಿಟ್ಟಿದ್ದರಿಂದ ಟೋಪಿ ಮಾತ್ರ ಸ್ಪಷ್ಟವಾಗಿತ್ತು. ರಜೆಯ ಕಾಗದ ಕರ್ನಲರ ಮೇಜಿನ ಮೇಲಿತ್ತು. ಗೆದ್ದ ದಿನ ಕರ್ನಲ್ ಏನು ಮುಂದಿಟ್ಟರೂ ಸಹಿ ಹಾಕುತ್ತಿದ್ದರು. ಸೋತರೆ ಒಂದು ವಾರ ಪೆನ್ನು ಮುಟ್ಟುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು. ತಂಡ ಸೋಲುವುದುಂಟೇ ಎಂಬ ಧೈರ್ಯದಲ್ಲಿ ಡ್ರಾಬೆಕ್ ಬೆಳಗ್ಗೆ ಏಳಕ್ಕೇ ಹೆಂಡತಿಗೆ ತಂತಿ ಕೊಟ್ಟುಬಿಟ್ಟ. ‘ಸಂಜೆ ಏಳರ ರೈಲಿಗೆ ಬರುತ್ತೇನೆ. ಮಗುವನ್ನೂ ನಿಲ್ದಾಣಕ್ಕೆ ಕರೆದುಕೊಂಡು ಬಾ.’

ಎಂಟು ಗಂಟೆಗೆ ವಾಷಿಂಗ್ಟನ್ನಿನಿಂದ ಇನ್ನೊಂದು ತಂತಿ ಬಂತು. ಅದನ್ನು ತಂದವಳು ಪಕ್ಕದ ಮೇಜಿನ ಟೈಪಿಸ್ಟ್ ವೆರ್ನಾ ಟೀಗ್. ಮಹಿಳಾ ಪಡೆಯವಳು, ಬೆರಳಿಗಿಂತ ನಾಲಗೆ ಚುರುಕು.

“ಇದನ್ನ ಓದು. ಕೂತ್ಕೊಂಡು ಓದು,” ಎಂದಳು.

ಫುಟ್‌ಬಾಲ್ ತಂಡದಿಂದ ವಿಮಾನ ಹಾರಿಸದ, ನೆಲದ ಕೆಲಸದ ಒಂಬತ್ತು ಜನ ಅಂದೇ ನಾಲ್ಕು ಗಂಟೆಯ ಸೈನಿಕ ರೈಲು ಹತ್ತಬೇಕು, ಅಲ್ಲಿಯವರೆಗೆ ಹೊರಡುವವರ ಬ್ಯಾರಕ್ಕಿನಿಂದ ಹೊರಗೆ ಕಾಲಿಡಬಾರದು ಎಂದಿತ್ತು. ಕೆಳಗೆ ಹೆಸರುಗಳಿದ್ದವು. ಮೊದಲನೆಯದು ಸೋರೆನ್ಸನ್. ಅವನು ಚೆಂಡು ಹಿಡಿದು ಹೊರಟರೆ ಎದುರಾಳಿಗಳು ದಾರಿ ಬಿಟ್ಟು ನಮಸ್ಕಾರ ಮಾಡುವುದೊಂದು ಬಾಕಿ.

“ಸೋರೆನ್ಸನ್ ಹೋದ್ರೆ ಗೆಲ್ಲೋದು ಹೇಗೆ?” ಎಂದ ಡ್ರಾಬೆಕ್.

“ಯುದ್ಧಾನಾ?”

“ಪಂದ್ಯ ಕಣೇ. ನಾನು ಆಗ್ಲೇ ಲೋರ್ನಾಗೆ ತಂತಿ ಕೊಟ್ಟಿದೀನಿ.”

“ರಜಾ ಸಹಿ ಆಗೋಕೆ ಮುಂಚೇನೇ?” ವೆರ್ನಾ ಕಾಗದಕ್ಕೆ ಕಾರ್ಬನ್ ಜೋಡಿಸುತ್ತ ನಿಟ್ಟುಸಿರಿಟ್ಟಳು. “ನಿನ್ನಂಥ ಜಾಣನ್ನ ಕಚೇರೀಲಿ ಕೂಡಿಸಿದಾರೆ ನೋಡು, ಅದಕ್ಕೇ ಈ ಯುದ್ಧ ಮುಗೀತಿಲ್ಲ.”

ಕರ್ನಲ್ ಒಂಬತ್ತರಿಂದ ಹತ್ತರವರೆಗೆ ವಾಷಿಂಗ್ಟನ್ನಿಗೆ ಫೋನು ಮಾಡಿದರು. ಗೋಡೆಯಾಚೆಯಿಂದ ಮೊದಲು ಗರ್ಜನೆ ಕೇಳಿಸಿತು, ಆಮೇಲೆ ವಾದ, ಆಮೇಲೆ ‘ಆಯ್ತು ಸರ್’ ಎಂಬುದಷ್ಟೇ ಮೂರು ಸಲ. ಹತ್ತೂಕಾಲಿಗೆ ಕೋಚ್ ಲೆಫ್ಟಿನೆಂಟ್ ಗಫ್ನಿ ಪಟ್ಟಿ ಹಿಡಿದು ಕಚೇರಿಗೆ ನುಗ್ಗಿದ. ಅವನ ತಲೆಯಲ್ಲಿ ಒಂದು ಕೂದಲೂ ಇರಲಿಲ್ಲ, ಕೋಪ ಬಂದರೆ ನೆತ್ತಿಯವರೆಗೂ ಕೆಂಪಾಗುವುದು ಎಲ್ಲರಿಗೂ ಕಾಣುತ್ತಿತ್ತು.

“ಸೋರೆನ್ಸನ್ ಗುಂಪು ಹೋಯ್ತು. ಉಳಿದೋರು ಹತ್ತು ಜನ,” ಎಂದ. “ಹನ್ನೊಂದು ಬೇಕು. ಪಟ್ಟಿ ತೆಗೆದು ನೋಡಿದ್ರೆ ಹನ್ನೊಂದು ಹೆಸರಿದೆ. ಮೂವತ್ನಾಲ್ಕು, ಡ್ರಾಬೆಕ್. ಯಾರಯ್ಯ ಈ ಡ್ರಾಬೆಕ್? ನಾನು ಒಂದಿನಾನೂ ಅವನ ಮುಖ ಕಂಡಿಲ್ಲ.”

ಡ್ರಾಬೆಕ್ ಕನ್ನಡಕ ತೆಗೆದು ಒರೆಸತೊಡಗಿದ. “ಅವನು ಅಷ್ಟೇನೂ ಚೆನ್ನಾಗಿ ಆಡಲ್ಲ ಸರ್,” ಎಂದ.

“ಹತ್ತು ವಾರದಿಂದ ನಮ್ಮ ಮೇಜಲ್ಲಿ ಮಾಂಸ ತಿಂದಿದಾನೆ ಅಂತ ಅಡುಗೆಯೋರು ಹೇಳ್ತಾರೆ. ಒಂದಿನ ತಪ್ಪಿಸಿಲ್ವಂತೆ. ತಿನ್ನೋಕಾಗುತ್ತೆ, ಆಡೋಕಾಗಲ್ವಾ? ಎಲ್ಲಿದಾನೆ ಅವನು?”

“ಈಗ ಇಲ್ಲೆಲ್ಲೂ ಇರಲಾರ ಸರ್…”

ವೆರ್ನಾ ಟೈಪ್ ಮಾಡುವುದನ್ನು ನಿಲ್ಲಿಸಲೇ ಇಲ್ಲ. “ನಿಮ್ಮೆದುರಿಗೇ ಇದಾನೆ ಸರ್. ಕನ್ನಡಕ ಒರೆಸ್ಕೊತಿದಾನಲ್ಲ, ಅವನೇ,” ಎಂದಳು.

ಗಫ್ನಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ನೋಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಡ್ರಾಬೆಕ್ ಆ ಕ್ಷಣದಲ್ಲಿ ನಿಜ ಹೇಳಿಬಿಡಬಹುದಿತ್ತು. ಆದರೆ ಯುದ್ಧಕಾಲದಲ್ಲಿ ಸುಳ್ಳು ಪಟ್ಟಿ ಮಾಡಿ ರೇಷನ್ ಮಾಂಸ ತಿಂದವನಿಗೆ ಏನು ಶಿಕ್ಷೆ ಎಂಬ ಸುತ್ತೋಲೆಯನ್ನೂ ಅವನೇ ಟೈಪ್ ಮಾಡಿದ್ದ. ಅದರಲ್ಲಿ ರಜೆಯ ಮಾತು ಎಲ್ಲೂ ಇರಲಿಲ್ಲ.

“ಚೆಂಡು ಒದೀತೀಯಾ?” ಎಂದು ಕೇಳಿದ ಗಫ್ನಿ.

“ಇಲ್ಲ ಸರ್.”

“ಹಿಡೀತೀಯಾ?”

“ಇದುವರೆಗೆ ಹಿಡಿದಿಲ್ಲ ಸರ್.”

“ಓಡ್ತೀಯಾ?”

“ಊಟದ ಗಂಟೆ ಹೊಡೆದಾಗ ಸರ್.”

ಗಫ್ನಿಯ ನೆತ್ತಿ ಕೆಂಪಾಯಿತು. “ಹನ್ನೊಂದಾಳಿಲ್ದೆ ಮೈದಾನಕ್ಕಿಳಿದ್ರೆ ನೌಕಾ ನೆಲೆಯೋರು ಹೊಟ್ಟೆ ಹಿಡ್ಕೊಂಡು ನಗ್ತಾರೆ. ನಿನ್ನ ನೋಡಿದ್ರೂ ನಗ್ತಾರೆ, ಆದ್ರೆ ಲೆಕ್ಕ ಸರಿ ಇರುತ್ತೆ. ಬಾ.”

ಸುದ್ದಿ ಹರಡಲು ಅರ್ಧ ಗಂಟೆ ಸಾಕಾಯಿತು. ಅಡುಗೆಮನೆಯ ಸಾರ್ಜೆಂಟ್ ಬೊಡೆ ಒಂದು ತಟ್ಟೆಯಲ್ಲಿ ಎರಡು ಮಾಂಸದ ತುಂಡು ಹೊತ್ತುಕೊಂಡು ಬಟ್ಟೆ ಬದಲಿಸುವ ಕೋಣೆಗೇ ಬಂದ.

“ತಿನ್ನು. ಇಷ್ಟು ದಿನ ನಿನ್ನನ್ನ ಯಾಕೆ ಮೈದಾನಕ್ಕಿಳಿಸ್ತಿಲ್ಲ ಅಂತ ನಂಗೆ ಈಗ ಅರ್ಥ ಆಯ್ತು. ಕಡೇ ಪಂದ್ಯಕ್ಕೆ ಅಂತ ಬಚ್ಚಿಟ್ಟಿದ್ರು,” ಎಂದು ಕಣ್ಣು ಮಿಟುಕಿಸಿದ. “ನಾನು ಯಾರಿಗೂ ಹೇಳಲ್ಲ.”

ಹತ್ತು ವಾರದಲ್ಲಿ ಮೊದಲ ಸಲ ಡ್ರಾಬೆಕ್‌ಗೆ ಮಾಂಸ ಇಳಿಯಲಿಲ್ಲ. ಆದರೂ ಬೊಡೆ ಎದುರಿಗೇ ಕೂತಿದ್ದರಿಂದ ಎರಡೂ ತುಂಡು ಮುಗಿಸಬೇಕಾಯಿತು.

ಮೂವತ್ತನಾಲ್ಕನೆಯ ಅಂಗಿಯನ್ನು ಈ ಋತುವಿನಲ್ಲಿ ಯಾರೂ ಹಾಕಿರಲಿಲ್ಲ. ಅದು ಅವನ ಮೊಣಕಾಲನ್ನು ಮುಟ್ಟಿತು. ಶಿರಸ್ತ್ರಾಣ ತಲೆಯ ಮೇಲೆ ಗಿರ್ರನೆ ತಿರುಗುತ್ತಿತ್ತು, ಒಳಗೆ ಟವೆಲ್ ತುರುಕಿದ ಮೇಲೆ ನಿಂತಿತು. ಕನ್ನಡಕಕ್ಕೆ ದಾರ ಕಟ್ಟಿಕೊಂಡ. ಮೈದಾನಕ್ಕೆ ಹೋಗುವ ದಾರಿಯಲ್ಲಿ ಹೊರಡುವವರ ಬ್ಯಾರಕ್ಕು ಸಿಕ್ಕಿತು. ಒಂಬತ್ತು ಜನರೂ ಕಿಟಕಿಗಳಲ್ಲಿ ಜೋತುಬಿದ್ದಿದ್ದರು, ಬಾಗಿಲಲ್ಲಿ ಕಾವಲಿನವನಿದ್ದ.

“ಗುಮಾಸ್ತರೇ,” ಎಂದು ಸೋರೆನ್ಸನ್ ಕೂಗಿದ. “ನನ್ನ ಬದಲಿಗೆ ನೀವಂತೆ?”

“ನಗು ಕಣಪ್ಪ, ನಗು. ಇವತ್ತು ಎಲ್ಲರ ಸರದಿ,” ಎಂದ ಡ್ರಾಬೆಕ್.

ಸೋರೆನ್ಸನ್ ನಗಲಿಲ್ಲ. “ಕೇಳಿಲ್ಲಿ. ಅವರು ಬೀಳಿಸೋಕೆ ಮುಂಚೆ ನೀನೇ ಬಿದ್ದುಬಿಡು. ನೋವು ಅರ್ಧ ಆಗುತ್ತೆ. ಮಗು ನೋಡೋಕೆ ಹೋಗ್ತಿದೀಯಂತಲ್ಲ, ವೆರ್ನಾ ಹೇಳಿದ್ಲು.”

“ಗೆದ್ರೆ.”

“ಓಹೋ,” ಎಂದ ಸೋರೆನ್ಸನ್.

ಹನ್ನೆರಡಕ್ಕೆ ಆಟ ಶುರುವಾಯಿತು. ಮೈದಾನದ ಸುತ್ತ ಮೂರು ಸಾವಿರ ಸೈನಿಕರು, ಉತ್ತರದ ತುದಿಯ ಗೆರೆಯ ಹಿಂದೆ ಎತ್ತರದ ಕಟ್ಟೆಯ ಮೇಲೆ ಕರ್ನಲ್ ಮತ್ತು ಅವರ ಅತಿಥಿಗಳು. ಗಫ್ನಿ ಡ್ರಾಬೆಕ್‌ನನ್ನು ಸಾಲಿನ ತುತ್ತತುದಿಯಲ್ಲಿ ನಿಲ್ಲಿಸಿದ.

“ಇಲ್ಲಿ ನಿಂತ್ಕೊ. ಯಾರಿಗೂ ಅಡ್ಡ ಬರಬೇಡ. ನಿನ್ನ ಕಡೆ ಚೆಂಡು ಬರಲ್ಲ, ಬರೋ ಹಾಗೆ ನಾನು ಬಿಡಲ್ಲ,” ಎಂದ.

ಚೆಂಡು ಬರಲಿಲ್ಲ, ಆದರೆ ಜನ ಬಂದರು. ಮೊದಲನೆಯ ನಿಮಿಷದಲ್ಲೇ ನೌಕಾ ನೆಲೆಯ ಒಬ್ಬ ದಢಿಯ ಅವನ ಮೇಲೆ ಹಾದುಹೋದ. ಬೀಳುವ ಮುಂಚೆಯೇ ಬೀಳಬೇಕೆಂದು ಡ್ರಾಬೆಕ್ ಸಿದ್ಧನಾಗುತ್ತಿದ್ದ, ಅಷ್ಟು ಸಮಯ ಸಿಗಲಿಲ್ಲ. ಎದ್ದಾಗ ಕನ್ನಡಕದ ದಾರ ಕುತ್ತಿಗೆಯಲ್ಲಿತ್ತು, ಕನ್ನಡಕ ನೆಲದಲ್ಲಿ ಪುಡಿಪುಡಿಯಾಗಿತ್ತು. ಅಲ್ಲಿಂದ ಮುಂದೆ ಅವನ ಪಾಲಿಗೆ ಜಗತ್ತೆಲ್ಲ ಕಂದು ಮತ್ತು ನೀಲಿ ಮಬ್ಬಾಯಿತು. ಕಂದು ನಮ್ಮವರು, ನೀಲಿ ಅವರು. ಅರ್ಧ ಗಂಟೆಯಲ್ಲಿ ಕೆಸರು ಮೆತ್ತಿಕೊಂಡು ನೀಲಿಯವರೂ ಕಂದಾದರು. ಒಮ್ಮೆ ಅವನು ಶಕ್ತಿಯೆಲ್ಲ ಬಿಟ್ಟು ಒಬ್ಬನ ಸೊಂಟಕ್ಕೆ ಜೋತುಬಿದ್ದ. “ಬಿಡೋ ಮಾರಾಯ, ನಾನು ಹಿಕ್ಸ್,” ಎಂದ ಆತ. ಹಿಕ್ಸ್ ಅವರದೇ ತಂಡದಲ್ಲಿ ಚೆಂಡು ಎಸೆಯುವವನು.

ಮಧ್ಯಂತರದಲ್ಲಿ ನೌಕಾ ನೆಲೆಯವರು ಆರು ಅಂಕ ಮುಂದಿದ್ದರು, ಬ್ರಾಂಡಲ್ ಫೀಲ್ಡಿನದು ಸೊನ್ನೆ. ಗಫ್ನಿ ಎಲ್ಲರಿಗೂ ಬಯ್ದ, ಡ್ರಾಬೆಕ್‌ಗೆ ಮಾತ್ರ ಬಯ್ಯಲಿಲ್ಲ. ಅದೇ ಅವನಿಗೆ ಹೆಚ್ಚು ಚುಚ್ಚಿತು. ನೆಲೆಯ ಡಾಕ್ಟರ್ ಕ್ಯಾಪ್ಟನ್ ಲೇಥ್ರಪ್ ಬಂದು ಅವನ ಪಕ್ಕೆಲುಬು ಒತ್ತಿ ನೋಡಿ, “ಮುರಿದಿಲ್ಲ, ಬೇಜಾರಾಗಿದೆ ಅಷ್ಟೆ. ಕನ್ನಡಕ ಇಲ್ದೆ ಹೇಗಯ್ಯ ಆಡ್ತಿದೀಯ?” ಎಂದರು.

“ಕನ್ನಡಕ ಇದ್ದಾಗಲೂ ಹೀಗೇ ಸರ್,” ಎಂದ ಡ್ರಾಬೆಕ್.

ಎರಡನೆಯ ಭಾಗವೂ ಹಾಗೆಯೇ ಕಳೆಯಿತು. ಡ್ರಾಬೆಕ್ ತನ್ನ ಮೂಲೆಯಲ್ಲಿ ನಿಂತು ಬೀಳುವುದು ಏಳುವುದು ಮಾಡುತ್ತಿದ್ದ. ಎದುರಾಳಿಗಳು ಅವನನ್ನು ಕಾಯುವುದನ್ನೇ ಬಿಟ್ಟುಬಿಟ್ಟಿದ್ದರು. ಕಡೆಯ ನಿಮಿಷ. ಅವನು ಸಾಲಿನ ತುದಿಯಲ್ಲಿ ಬಗ್ಗಿ ನಿಂತಿದ್ದಾಗ ಸುತ್ತಲಿನ ಮೂರು ಸಾವಿರ ಜನರ ಕಂದು ಮಬ್ಬು ಒಮ್ಮೆಲೇ ಎದ್ದು ನಿಂತಿತು. ಕಡೆಯ ಎಸೆತವನ್ನು ನೋಡಲು ಜನ ಎದ್ದಿದ್ದರು. ಡ್ರಾಬೆಕ್‌ಗೆ ತೋರಿದ್ದೇ ಬೇರೆ: ಪಂದ್ಯ ಮುಗಿಯಿತು, ನಾವು ಸೋತೆವು, ಜನ ಮನೆಗೆ ಹೊರಟರು. ಅವನ ಕಣ್ಣಿನಲ್ಲಿ ನೀರು ಬಂತು. ಲೋರ್ನಾ ಚಳಿಯಲ್ಲಿ ಮಗುವನ್ನೆತ್ತಿಕೊಂಡು ನಿಂತಿರುತ್ತಾಳೆ, ಏಳರ ರೈಲಿನಿಂದ ಬೇರೆ ಯಾರ್ಯಾರೋ ಇಳಿಯುತ್ತಾರೆ. ಇನ್ನು ಮಾನ ಮರ್ಯಾದೆ ನೋಡಿ ಪ್ರಯೋಜನವಿಲ್ಲ, ನೇರವಾಗಿ ಕರ್ನಲರ ಕಾಲಿಗೆ ಬೀಳುವುದೇ ಸರಿ ಎಂದುಕೊಂಡ. ಕಟ್ಟೆ ಉತ್ತರದ ಗೆರೆಯಾಚೆಗಿತ್ತು. ಅವನು ನೋಯುತ್ತಿದ್ದ ಪಕ್ಕೆಗಳನ್ನು ಎರಡು ಕೈಯಿಂದಲೂ ಅಪ್ಪಿಕೊಂಡು ಆ ಕಡೆ ಹೊರಟ. ‘ಸರ್, ನಾಲ್ಕು ತಿಂಗಳ ಮಗು ಸರ್,’ ಎಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ನೀಲಿಯವರು ಯಾರೂ ತಡೆಯಲಿಲ್ಲ. ಗಾಯಗೊಂಡು ಹೊರಗೆ ಹೋಗುತ್ತಿದ್ದಾನೆಂದು ಒಬ್ಬ ದಾರಿಯನ್ನೂ ಬಿಟ್ಟ.

ಹಿಂದೆ ಹಿಕ್ಸ್‌ನ ಮೈಮೇಲೆ ಮೂವರು ಬಿದ್ದಿದ್ದರು. ಅವನು ಕಣ್ಣು ಮುಚ್ಚಿ ಚೆಂಡನ್ನು ಆಕಾಶಕ್ಕೆ ಎಸೆದ. ಎಲ್ಲಿ ಬೀಳಬೇಕೆಂಬ ಉದ್ದೇಶ ಅವನಿಗಿರಲಿಲ್ಲ. ಗೆರೆ ದಾಟಿ ಮೂರು ಹೆಜ್ಜೆ ಇಟ್ಟು, ಎಲ್ಲಿ ಕಟ್ಟೆ ತಪ್ಪಿತೋ ಎಂದು ಡ್ರಾಬೆಕ್ ಹಿಂದಿರುಗಿ ನೋಡಿದ. ಅಷ್ಟರಲ್ಲಿ ಮಡಚಿದ ಕೈಗಳ ನಡುವೆ ಭಾರವಾದದ್ದೇನೋ ಧೊಪ್ಪೆಂದು ಬಂದು ಸಿಕ್ಕಿಕೊಂಡಿತು. ಪಕ್ಕೆಯ ನೋವಿಗೆ ಅವನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡು ಕುಸಿದು ಕೂತ.

ಆಮೇಲೆ ಎದ್ದ ಗದ್ದಲವನ್ನು ಕೇಳಿ ಬೆಂಕಿ ಬಿದ್ದಿದೆ ಎಂದುಕೊಂಡ. ಹಿಕ್ಸ್ ಎಸೆದ ಚೆಂಡನ್ನು ಗೆರೆಯಾಚೆ ಹಿಡಿದದ್ದಕ್ಕೆ ಆರು ಅಂಕ ಸಿಕ್ಕಿ ಆರಕ್ಕೆ ಆರು ಸಮವಾಗಿತ್ತು. ಬಳಿಕದ ಒದೆತಕ್ಕೆ ಇನ್ನೊಂದು ಅಂಕ ಬಂದು ಬ್ರಾಂಡಲ್ ಫೀಲ್ಡ್ ಏಳು–ಆರರಿಂದ ಗೆದ್ದಿತು. ಯಾರೋ ಅವನನ್ನು ಹೆಗಲ ಮೇಲೆ ಎತ್ತಿಕೊಂಡರು, ಯಾರೋ ಕೆಳಗೆ ಬೀಳಿಸಿದರು, ಮತ್ತೆ ಎತ್ತಿಕೊಂಡರು. ಗಫ್ನಿ ಅವನನ್ನು ತಬ್ಬಿಕೊಂಡು ಅತ್ತ. “ಅಡ್ಡ ಬರಬೇಡ ಅಂದಿದ್ನಲ್ಲೋ, ಎಂಥಾ ಮೂರ್ಖ ನಾನು,” ಎಂದ.

ಮೂರು ಗಂಟೆಗೆ ಡ್ರಾಬೆಕ್ ಕರ್ನಲರ ಕೋಣೆಯಲ್ಲಿದ್ದ. ಕರ್ನಲ್ ಮೇಜಿನ ಮೇಲಿದ್ದ ಕಾಗದಗಳಿಗೆಲ್ಲ ಹಾಡು ಗುನುಗುತ್ತ ಸಹಿ ಹಾಕುತ್ತಿದ್ದರು. ರಜೆಯ ಕಾಗದಕ್ಕೂ ಬಿತ್ತು.

“ಹತ್ತು ದಿನ. ಹೋಗಪ್ಪ, ಮಗು ಮುಖ ನೋಡ್ಕೊಂಡು ಬಾ,” ಎಂದು ಕೈಗೇ ಕೊಟ್ಟರು. ಅದನ್ನು ಓದಲು ಕಾಣದಿದ್ದರೂ ಡ್ರಾಬೆಕ್ ಮುಖದ ಹತ್ತಿರ ಹಿಡಿದು ನೋಡುತ್ತ ನಿಂತ. ಶಾಯಿಯ ವಾಸನೆ ಕೂಡ ಸೊಗಸಾಗಿತ್ತು.

ಆಗ ಡಾಕ್ಟರ್ ಲೇಥ್ರಪ್ ಒಳಗೆ ಬಂದರು. “ಒಂದು ತೊಂದರೆ ಆಗಿದೆ ಸರ್. ಹೊರಡೋ ಒಂಬತ್ತು ಜನರಲ್ಲಿ ಡೇಲಿ ಅನ್ನೋನ ಕಾಲು ಮುರಿದಿದೆ.”

“ಬೀಗ ಹಾಕಿದ ಬ್ಯಾರಕ್ಕಲ್ಲಿ ಕಾಲು ಹೇಗ್ರೀ ಮುರಿಯುತ್ತೆ?”

“ಖುಷಿಗೆ ಸರ್. ಇವನು ಚೆಂಡು ಹಿಡಿದದ್ದನ್ನ ಕಿಟಕಿಯಿಂದ ನೋಡಿ ಮೇಲಿನ ಮಂಚದಿಂದ ನೆಗೆದನಂತೆ.”

ಕರ್ನಲರ ಗುನುಗು ನಿಂತಿತು. ವಾಷಿಂಗ್ಟನ್ನಿಗೆ ಒಂಬತ್ತು ಎಂದರೆ ಒಂಬತ್ತು. ಎಂಟು ಜನರನ್ನು ಕಳಿಸಿ, ಒಬ್ಬ ಸಂತೋಷದಿಂದ ಕಾಲು ಮುರಿದುಕೊಂಡ ಎಂದು ಬರೆಯುವಂತಿರಲಿಲ್ಲ. ಅದೂ ಬೆಳಗ್ಗೆ ಒಂದು ಗಂಟೆ ಹೊತ್ತು ಫೋನಿನಲ್ಲಿ ವಾದ ಮಾಡಿದ ಮೇಲೆ. “ತಂಡದಿಂದಲೇ ಇನ್ನೊಬ್ಬ ಬೇಕು,” ಎಂದರು. “ಆಡಿದ ಉಳಿದ ಹತ್ತು ಜನಾನೂ ವಿಮಾನ ಕಲೀತಿರೋರು. ಅರ್ಧ ಕಲಿತೋರನ್ನ ಮುಟ್ಟೋ ಹಾಗಿಲ್ಲ.”

ಮಾತು ನಿಲ್ಲಿಸಿ ಕರ್ನಲ್ ಡ್ರಾಬೆಕ್‌ನ ಕಡೆ ನೋಡಿದರು. ಡಾಕ್ಟರೂ ನೋಡಿದರು. ಕಣ್ಣು ಕಾಣದಿದ್ದರೂ ಆ ನೋಟ ಡ್ರಾಬೆಕ್‌ಗೆ ಸ್ಪಷ್ಟವಾಗಿ ಕಂಡಿತು.

“ಸರ್, ನನ್ನ ಕಣ್ಣು…” ಎಂದ. “ಕಚೇರಿ ಕೆಲಸಕ್ಕೆ ಮಾತ್ರ ಅಂತ ಕಾರ್ಡಲ್ಲಿದೆ.”

“ಆ ಕಾರ್ಡು ಬರೆದೋನು ನಾನೇ. ನಂಗೇ ನಾಚಿಕೆ ಆಗ್ತಿದೆ,” ಎಂದರು ಲೇಥ್ರಪ್. “ಕನ್ನಡಕ ಇಲ್ದೆ, ನಲವತ್ತು ಗಜದಿಂದ ಬರ್ತಿದ್ದ ಚೆಂಡನ್ನ, ಓಡ್ತಾ ಓಡ್ತಾ ತಿರುಗಿ ಹಿಡಿದ್ಯಲ್ಲಯ್ಯ. ನನ್ನ ಕಣ್ಣಲ್ಲೇ ಏನೋ ದೋಷ ಇರಬೇಕು.”

ಡ್ರಾಬೆಕ್ ಮೇಜಿನ ಹತ್ತಿರಕ್ಕೆ ಒಂದು ಹೆಜ್ಜೆ ಇಟ್ಟ. ಇನ್ನು ಬಚ್ಚಿಟ್ಟು ಉಪಯೋಗವಿಲ್ಲವೆಂದು ಎಲ್ಲವನ್ನೂ ಹೇಳಿಬಿಟ್ಟ. ಮಾಂಸದಾಸೆಗೆ ಪಟ್ಟಿಯಲ್ಲಿ ಹೆಸರು ತುರುಕಿದ್ದನ್ನು ಹೇಳಿದ. ಹುಟ್ಟಿದ ಮೇಲೆ ಒಂದು ದಿನವೂ ಆಡದಿರುವುದನ್ನು, ಪಂದ್ಯ ಮುಗಿಯಿತೆಂದುಕೊಂಡು ಕರ್ನಲರ ಕಾಲು ಹಿಡಿಯಲು ಹೊರಟಿದ್ದನ್ನು, ಚೆಂಡನ್ನು ತಾನು ನೋಡಿಯೇ ಇಲ್ಲದ್ದನ್ನು ಹೇಳಿದ. ಇಷ್ಟು ನಿಜವನ್ನು ಅವನು ಒಂದೇ ದಿನ ಎಂದೂ ಹೇಳಿರಲಿಲ್ಲ.

ಕರ್ನಲ್ ಎದ್ದು ಬಂದು ಅವನ ಭುಜ ಹಿಡಿದರು. “ನೋಡಿದ್ರಾ ಡಾಕ್ಟರೇ,” ಎಂದರು. “ಬೇರೆಯೋನಾಗಿದ್ರೆ ಜಂಬ ಕೊಚ್ಚಿಕೊಳ್ತಿದ್ದ. ಇವನು ನಾನು ನೋ‌ಡ್ಲೇ ಇಲ್ಲ ಅಂತಿದಾನೆ. ಇಂಥ ವಿನಯ ನಾನು ಎಲ್ಲೂ ಕಂಡಿಲ್ಲ.”

“ವಿನಯ ಅಲ್ಲ ಸರ್, ನಿಜ.”

“ಗೊತ್ತಪ್ಪ, ಗೊತ್ತು,” ಎಂದು ಕರ್ನಲ್ ಬೆನ್ನು ತಟ್ಟಿದರು. ಆಮೇಲೆ ಮೆಲ್ಲಗೆ, ನಿಜವಾಗಿಯೂ ಸಂಕಟಪಡುತ್ತಲೇ, ಅವನ ಕೈಯಿಂದ ರಜೆಯ ಕಾಗದವನ್ನು ತೆಗೆದುಕೊಂಡರು. ಹೊರಡುವ ಆದೇಶವಾದವನಿಗೆ ರಜೆ ಇಲ್ಲವೆಂಬ ನಿಯಮ ಅವರಿಗಿಂತ ಡ್ರಾಬೆಕ್‌ಗೇ ಚೆನ್ನಾಗಿ ಗೊತ್ತಿತ್ತು.

ಆದೇಶವನ್ನು ಯಾರಾದರೂ ಟೈಪ್ ಮಾಡಬೇಕಿತ್ತು. ವೆರ್ನಾ ಎರಡು ಸಲ ಕಾಗದ ಸೇರಿಸಿ ಎರಡು ಸಲವೂ ತಪ್ಪು ಹೊಡೆದಳು. “ನನ್ನಿಂದಾಗಲ್ಲ ಕಣೋ,” ಎಂದು ಮೂಗೊರೆಸಿಕೊಂಡಳು. “ನಾನಾದ್ರೂ ಬೆಳಿಗ್ಗೆ ಬಾಯಿ ಮುಚ್ಕೊಂಡಿರಬಾರದಿತ್ತಾ?”

“ಹೋಗ್ಲಿ ಬಿಡು. ನಾನೂ ಆಗ ಬಾಯಿ ಮುಚ್ಕೊಂಡಿರಬೇಕಿತ್ತು, ಸೆಪ್ಟೆಂಬರಲ್ಲಿ,” ಎಂದ ಡ್ರಾಬೆಕ್. ಕೆಸರಿನ ಅಂಗಿಯಲ್ಲೇ ಕೂತು, ಕಣ್ಣು ಕಾಣದೆ, ಬೆರಳ ಅಂದಾಜಿನಲ್ಲೇ ತನ್ನ ಹೆಸರು ಸಂಖ್ಯೆಗಳನ್ನು ಐದು ಪ್ರತಿ ಹೊಡೆದ. ಒಂದು ಅಂಕಿ ತಪ್ಪಿಸಿದ್ದರೆ ಕಾಗದ ವಾಪಸು ಬಂದು ಎರಡು ದಿನವಾದರೂ ತಡವಾಗುತ್ತಿತ್ತು. ಆ ಯೋಚನೆ ಅವನಿಗೆ ಹೊಳೆದದ್ದು ರೈಲು ಹೊರಟ ಮೇಲೆ.

ಹೊಸ ಕನ್ನಡಕ ಮುಂದಿನ ನೆಲೆಯಲ್ಲಿ ಸಿಗುತ್ತದೆಂದು ಡಾಕ್ಟರು ಸಮಾಧಾನ ಹೇಳಿ ಕಳಿಸಿದ್ದರು. ಕಣ್ಣು ಅಷ್ಟು ಚೆನ್ನಾಗಿರುವವನಿಗೆ ಕನ್ನಡಕವೇಕೆ ಎಂದು ಅವರಿಗೂ ಅನಿಸಲಿಲ್ಲ, ಇವನೂ ಕೇಳಲಿಲ್ಲ. ನಾಲ್ಕಕ್ಕೆ ಹೊರಟ ಸೈನಿಕ ರೈಲು ಪೂರ್ವಕ್ಕೆ ತಿರುಗಿತು. ಆ ಹಳಿ ಲಾರ್ಕಿನ್ ಮೇಲೆಯೇ ಹೋಗುತ್ತದೆ ಎಂದು ಗಾರ್ಡು ಹೇಳಿದಾಗ ಡ್ರಾಬೆಕ್ ಧಡಕ್ಕನೆ ಎದ್ದು ನಿಂತ.

“ನಿಲ್ಲುತ್ತಾ?”

“ಸೈನಿಕ ರೈಲು ಎಲ್ಲೂ ನಿಲ್ಲಲ್ಲಪ್ಪ. ಊರೊಳಗೆ ಸ್ವಲ್ಪ ನಿಧಾನ ಮಾಡ್ತೀವಿ.”

ಸೋರೆನ್ಸನ್ ಕಿಟಕಿಯ ಪಕ್ಕದ ತನ್ನ ಜಾಗವನ್ನು ಬಿಟ್ಟುಕೊಟ್ಟು, ಗಾಜನ್ನು ಮೇಲೆತ್ತಿ, ಅವನ ಬೆನ್ನ ಹಿಂದೆ ನಿಂತ. ಏಳಕ್ಕೆ ಹತ್ತು ನಿಮಿಷವಿರುವಾಗ ದೀಪಗಳು ಬಂದವು. ಡ್ರಾಬೆಕ್ ಸೊಂಟದವರೆಗೂ ಹೊರಗೆ ಬಾಗಿದ. ದೀಪದ ಕೆಳಗೆ ಬೆಳ್ಳಗೆ ಗುಂಡಗೆ ಏನೋ ಕಂಡಿತು. “ಲೋರ್ನಾ,” ಎಂದು ಕೂಗುತ್ತ ಎರಡು ಕೈಗಳನ್ನೂ ಬೀಸಿದ. ಅದರ ಕಡೆಗೆ ಮುತ್ತನ್ನೂ ಎಸೆದ.

“ಅದು ಅಂಚೆ ಮೂಟೆ ಕಣೋ,” ಎಂದ ಸೋರೆನ್ಸನ್. ದೊಡ್ಡ ಅಂಗೈಯಿಂದ ಅವನ ತಲೆಯನ್ನು ಹಿಡಿದು ಮೆಲ್ಲಗೆ ಬಲಕ್ಕೆ ತಿರುಗಿಸಿದ. “ಅಲ್ಲಿ. ಹಸಿರು ಕೋಟು. ಮಗೂನ ಎತ್ತಿ ತೋರಿಸ್ತಿದಾಳೆ ನೋಡು.”

ಡ್ರಾಬೆಕ್ ನೋಡಿದ. ಹಸಿರು ಮಬ್ಬೊಂದು ಕಂಡಿತು, ಅದರ ಮೇಲೆ ಇನ್ನೊಂದು ಚಿಕ್ಕ ಮಬ್ಬು. ಅಷ್ಟರಲ್ಲಿ ನಿಲ್ದಾಣ ಮುಗಿದು ಕತ್ತಲ ಹೊಲಗಳು ಶುರುವಾದವು. ಅವನು ಸ್ವಲ್ಪ ಹೊತ್ತು ಹಾಗೆಯೇ ಹೊರಗೆ ಬಾಗಿದ್ದ. ಸೋರೆನ್ಸನ್ ಅಂಗಿ ಹಿಡಿದು ಒಳಗೆಳೆದು ಕೂಡಿಸಿದ.

“ಮಗಳು ಹೇಗಿದಾಳೆ?” ಎಂದು ಕೇಳಿದ ಡ್ರಾಬೆಕ್.

ಸೋರೆನ್ಸನ್ ಮಾತಿನ ಮನುಷ್ಯನಲ್ಲ. ಬಹಳ ಯೋಚಿಸಿದ. “ಚೆನ್ನಾಗಿದಾಳೆ. ಕೆನ್ನೆ ತುಂಬ್ಕೊಂಡಿದೆ. ತಲೇಲಿ ಕೂದಲಿಲ್ಲ, ಥೇಟ್ ನಮ್ಮ ಗಫ್ನಿ.”

“ನಗ್ತಿದ್ಲಾ?”

“ಆಕಳಿಸ್ತಿದ್ಲು.”

ಡ್ರಾಬೆಕ್ ತಲೆಯಾಡಿಸಿದ. ತನ್ನ ಮಗಳೇ, ಸಂದೇಹವಿಲ್ಲ ಎಂದುಕೊಂಡ. ಒಂದೆರಡು ಮೈಲಿ ಕಳೆದ ಮೇಲೆ, “ಇನ್ನೊಂದ್ಸಲ ಹೇಳು,” ಎಂದ.

ಸೋರೆನ್ಸನ್ ಮೊದಲಿನಿಂದ ಹೇಳಿದ. ಈ ಸಲ ಮಗು ನಕ್ಕಿತು, ಅದಕ್ಕೆ ಸ್ವಲ್ಪ ಕೂದಲೂ ಬಂದಿತ್ತು.